ಹತ್ತನೆಯ ಹಾಡು

ಒಂಬತ್ತು ಹಾಡು ಮುಗಿದಿದ್ದವು, ಹತ್ತನೆಯದು ಉಳಿದಿತ್ತು. ಅದನ್ನು ಕೊನೆಗೆ ಉಳಿಸಿಕೊಂಡವಳು ಆರ್ಡಿತ್ ಕೋಲಿಯೇ, ಅದೂ ಬೇಕೆಂದೇ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸ್ಟುಡಿಯೋದ ಬಚ್ಚಲಲ್ಲಿ ಮುಖಕ್ಕೆ ತಣ್ಣೀರು ಎರಚಿಕೊಂಡು, ಕನ್ನಡಿ ನೋಡಲಾರದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಇವತ್ತು ಆಗದಿದ್ದರೆ ಇನ್ನೆಂದೂ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ದೊಡ್ಡ ಪಿಟೀಲಿನಂಥ ಬೇಸ್ ನುಡಿಸುವ ಕ್ಲೀಟಸ್ ವಿಟ್ಲೋ ನಾಳೆ ಸಂಜೆ ವಿಮಾನ ಹತ್ತಿ ಕೋಪನ್‌ಹೇಗನ್‌ಗೆ ಹೋಗುತ್ತಿದ್ದ. ಜಾಝ್ ನುಡಿಸುವವರಿಗೆ ಶಿಕಾಗೋದಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಗುತ್ತದಂತೆ. ಅಲ್ಲೇ ಮನೆ ಮಾಡುತ್ತಾನೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಕಪ್ಪು ಜನರ ಬಡಾವಣೆ ಸೌತ್ ಸೈಡ್‌ನ ತುಂಬ ಮಾತು.

ಅದು 1974ರ ಫೆಬ್ರವರಿ. ಆರ್ಡಿತ್‌ಗೆ ಮೂವತ್ತೆಂಟು. ಗಿಟಾರ್ ಮೀಟಿಕೊಂಡು ತಾನೇ ಕಟ್ಟಿದ ಹಾಡು ಹಾಡಿ ಎರಡು ರೆಕಾರ್ಡುಗಳಲ್ಲಿ ಹೆಸರು ಮಾಡಿದವಳು, ಮೂರನೆಯದಕ್ಕೆ ಗಿಟಾರನ್ನು ಮೂಲೆಗಿಟ್ಟು ಜಾಝ್ ಮಾಡುತ್ತೇನೆಂದು ಹಟ ಹಿಡಿದಳು. ಕಂಪನಿಯವರು ಹಣೆ ಹಣೆ ಚಚ್ಚಿಕೊಂಡರು. ಇವಳು ಬಗ್ಗಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಬೇಕು, ನಡುವೆ ಅಡ್ಡಗೋಡೆ ಬೇಡ, ಕಿವಿಗೆ ಹೆಡ್‌ಫೋನ್ ಬೇಡ, ಆಮೇಲೆ ತೇಪೆ ಹಚ್ಚುವುದೂ ಬೇಡ ಎಂದಳು. ಇನ್ನೊಂದು ಕಟ್ಟಳೆಯನ್ನೂ ಮಾಡಿದಳು. ಪ್ರತಿಸಲ ನುಡಿಸಿ ಮುಗಿದ ಮೇಲೆ ಎಲ್ಲರೂ ಟೇಪ್ ಯಂತ್ರವಿರುವ ಗಾಜಿನ ಕೋಣೆಗೆ ಹೋಗಿ ಟೇಪ್ ಕೇಳಬೇಕು. ಕೇಳಿದವರಲ್ಲಿ ಒಬ್ಬರು ಬೇಡ ಎಂದರೂ ಆ ಟೇಕ್ ಅಳಿಸಿಹೋಗಬೇಕು, ಯಾಕೆ ಎಂದು ಯಾರೂ ಕೇಳಕೂಡದು. ಮೊದಲ ದಿನ ಡ್ರಮ್ಸ್‌ನ ಟೈರೀ ಎರಡು ಸಲ ಬೇಡ ಎಂದ, ಮಾರನೆಯ ದಿನ ಅವಳೇ ಒಂದು ಸಲ. ಆ ಕಟ್ಟಳೆಯನ್ನು ಅವಳು ಮಾಡಿದ್ದು ಕ್ಲೀಟಸ್‌ಗಾಗಿ. ಅವನಿಗೆ ತಾನು ಮಾಡಲಿದ್ದ ಕೆಲಸ ನೆನೆದರೆ, ತಪ್ಪಿಸಿಕೊಳ್ಳಲು ಒಂದು ಬಾಗಿಲಾದರೂ ಬಿಡಬೇಕು ಅನ್ನಿಸಿತ್ತು.

ಹತ್ತನೆಯ ಹಾಡಿನ ಮಾತು ಬರೆದ ಹಾಳೆ ಯಾರ ಕೈಯಲ್ಲೂ ಇರಲಿಲ್ಲ. ಅದಕ್ಕೆ ಅವಳು ವಿಶೇಷ ಕುತಂತ್ರ ಮಾಡಬೇಕಾಗಿಯೂ ಇರಲಿಲ್ಲ, ಜಾಝ್ ಜನರ ರೂಢಿಯೇ ಹಾಗೆ. ಪಿಯಾನೋದವರ ಮುಂದೆ, ಬೇಸ್‌ನವರ ಮುಂದೆ ಇಡುವ ಹಾಳೆಯಲ್ಲಿ ಸ್ವರಗಳ ಗುರುತು ಬಿಟ್ಟರೆ ಬೇರೇನೂ ಇರುವುದಿಲ್ಲ. ಎಷ್ಟು ಆವರ್ತ, ಎಲ್ಲಿ ತಿರುವು, ಎಲ್ಲಿ ಮುಕ್ತಾಯ, ಅಷ್ಟೇ. ಹಾಡುವವರ ಮಾತು ನುಡಿಸುವವರಿಗೆ ಮದುವೆಮನೆಯ ಮಂತ್ರ ಇದ್ದ ಹಾಗೆ, ನಡೆಯುತ್ತಿದ್ದರೆ ಸಾಕು, ಅರ್ಥ ಕೇಳುವವರಿಲ್ಲ. ಕ್ಲೀಟಸ್ ಅಂತೂ ಮಾತಿಗೆ ಕಿವಿಗೊಟ್ಟರೆ ಲಯ ಕೆಡುತ್ತದೆಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದವನು. ಇದು ಪ್ರೇಮದ ಹಾಡೋ ಸಾವಿನ ಹಾಡೋ ಎಂದರೆ, ನಾಲ್ಕರ ಲಯದ ಹಾಡು ಎನ್ನುವ ಆಸಾಮಿ. ಸಾಲದ್ದಕ್ಕೆ ಆರ್ಡಿತ್ ಗಂಟಲು ಕೆಟ್ಟಿದೆಯೆಂಬ ನೆಪ ಹೇಳಿ, ಎರಡು ದಿನದ ಅಭ್ಯಾಸದಲ್ಲಿ ಆ ಹಾಡನ್ನು ಬರೀ ಗುನುಗಿಯೇ ಮುಗಿಸಿದ್ದಳು.

ಹಾಡಿನಲ್ಲಿ ಇದ್ದದ್ದು ಇಷ್ಟು. ಹದಿನೆಂಟು ವರ್ಷದ ಹಿಂದೆ, ಜನವರಿಯ ಒಂದು ಬೆಳಗಿನ ಜಾವ, ಇಂಡಿಯಾನಾದ ಟೆರ್ರೆ ಹೋಟ್ ಎಂಬ ಊರಲ್ಲಿ ಕಾರ್ಯಕ್ರಮ ಮುಗಿಸಿಕೊಂಡು ಮೂವರು ಒಂದು ಕಾರಿನಲ್ಲಿ ಶಿಕಾಗೋಗೆ ವಾಪಸಾಗುತ್ತಿದ್ದರು. ಕ್ಲೀಟಸ್, ಅವನ ತಮ್ಮ ರ‍್ಯಾನ್ಸಮ್, ಮತ್ತು ಆರ್ಡಿತ್. ರ‍್ಯಾನ್ಸಮ್ ಟ್ರಂಪೆಟ್ ಊದುತ್ತಿದ್ದ, ಜೂನ್ ತಿಂಗಳಲ್ಲಿ ಅವಳನ್ನು ಮದುವೆಯಾಗುವವನಿದ್ದ. ಕಾರು ಹಿಮದಲ್ಲಿ ಜಾರಿ ಮೋರಿಯ ಕಟ್ಟೆಗೆ ಬಡಿಯಿತು. ಹೊರಗೆ ಹೋಗಿ ಬಿದ್ದ ರ‍್ಯಾನ್ಸಮ್ ಮತ್ತೆ ಏಳಲಿಲ್ಲ. ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಷೆರಿಫ್ ಬಂದಾಗ ಕ್ಲೀಟಸ್, ಕಾರು ಓಡಿಸುತ್ತಿದ್ದವನು ತಮ್ಮ ಎಂದ. ಸೀಟಿನ ಕೆಳಗೆ ಸಿಕ್ಕಿದ ವಿಸ್ಕಿ ಸೀಸೆಯೂ ತಮ್ಮನದೇ ಎಂದ. ಸತ್ತವನ ಮೇಲೆ ಬರೆದುಕೊಂಡರೆ ಆ ಬಿಳಿಯ ಷೆರಿಫ್‌ಗೂ ಕೆಲಸ ಸಲೀಸು. ನಿಜವಾಗಿ ಕುಡಿದವನೂ ಕ್ಲೀಟಸ್, ಕಾರು ಓಡಿಸಿದವನೂ ಕ್ಲೀಟಸ್. ಅವನಿಗೆ ಮನೆಯಲ್ಲಿ ಎರಡು ಹೆಣ್ಣುಕೂಸುಗಳಿದ್ದವು. ನಿಜ ಹೇಳಿದ್ದರೆ ಆ ಜಿಲ್ಲೆಯ ಜೈಲಿನಿಂದ ಕರಿಯನಾದ ಅವನು ಯಾವ ಸ್ಥಿತಿಯಲ್ಲಿ ಹೊರಬರುತ್ತಿದ್ದನೋ, ಬರುತ್ತಲೇ ಇರಲಿಲ್ಲವೋ, ಅದು ಷೆರಿಫ್ ಸೇರಿ ಅಲ್ಲಿದ್ದ ಮೂವರಿಗೂ ಗೊತ್ತಿದ್ದ ಸಂಗತಿ.

ಅಷ್ಟರಲ್ಲೇ ಮುಗಿದಿದ್ದರೆ ಆರ್ಡಿತ್ ಸುಮ್ಮನಿರುತ್ತಿದ್ದಳೋ ಏನೋ. ಆದರೆ ರ‍್ಯಾನ್ಸಮ್ ಬ್ಯಾಂಡ್ ಸೇರುವಾಗ ಅವನ ತಾಯಿ ಬೈಬಲ್ ಮೇಲೆ ಕೈ ಇರಿಸಿ ಆಣೆ ಮಾಡಿಸಿಕೊಂಡಿದ್ದರು, ಒಂದು ಹನಿಯನ್ನೂ ಮುಟ್ಟಕೂಡದು ಎಂದು. ಮುಟ್ಟಿರಲಿಲ್ಲ. ತಾಯಿ ಮಾತ್ರ ಮಗ ಆಣೆ ಮುರಿದು ಕುಡಿದು ಸತ್ತ ಎಂದೇ ನಂಬಿದರು. ಮಣ್ಣು ಮಾಡಿ ಬಂದ ದಿನವೇ ಅವನ ಫೋಟೋವನ್ನು ಗೋಡೆಯಿಂದ ತೆಗೆದರು. ಈಗ ಅವರಿಗೆ ಎಂಬತ್ತೊಂದು. ಚರ್ಚಿನ ಹಿರಿಯ ಹೆಂಗಸರನ್ನು ಕರೆಯುವಂತೆ ಇಡೀ ಬೀದಿ ಅವರನ್ನು ಮದರ್ ವಿಟ್ಲೋ ಎಂದೇ ಕರೆಯುತ್ತಿತ್ತು. ಪ್ರತಿ ಭಾನುವಾರ ಚರ್ಚ್ ಮುಗಿಸಿ ಅವರ ಅಡುಗೆಮನೆಯಲ್ಲಿ ಕೋಳಿ, ಸೊಪ್ಪು, ಮೆಕ್ಕೆಜೋಳದ ಬ್ರೆಡ್ ಉಂಡು ಬರುವವಳು ಆರ್ಡಿತ್. ಕೆಲವು ಭಾನುವಾರ ನಿಜ ಅವಳ ಬಾಯಿಯವರೆಗೆ ಬಂದದ್ದೂ ಉಂಟು, ಬಿಸಿತುಪ್ಪದ ಹಾಗೆ ಉಗುಳಲೂ ಆಗದೆ ನುಂಗಿಕೊಂಡು ಎದ್ದು ಬಂದದ್ದೂ ಉಂಟು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಹಾಡು ಕಟ್ಟಿದಳು. ಹಾಡು ಕಟ್ಟುವವರ ಜಾತಿಯೇ ಹಾಗೆ. ರೆಕಾರ್ಡ್ ಹೊರಬಂದರೆ ರೇಡಿಯೋ ಹೇಳುತ್ತದೆ, ಊರು ಹೇಳುತ್ತದೆ, ತಾನು ಹೇಳಬೇಕಾಗಿಲ್ಲ.

ಆದರೆ ಆ ಹಾಡಿನಲ್ಲಿ ಕ್ಲೀಟಸ್‌ನ ಬೇಸ್ ಇರಲೇಬೇಕು ಎಂದೂ ಅವಳಿಗಿತ್ತು. ಬೇರೆ ಯಾರಾದರೂ ನುಡಿಸಿದರೆ ಅದು ದೂರು, ಅವನು ನುಡಿಸಿದರೆ ಒಪ್ಪಿಗೆ. ಆಮೇಲೆ ಯಾರೂ ಹೆಂಗಸಿನ ಹೊಟ್ಟೆಕಿಚ್ಚು ಎನ್ನಲಾರರು. ಇದು ಸರಿಯಲ್ಲ ಎಂಬುದೂ ಅವಳಿಗೆ ತಿಳಿಯದ್ದೇನಲ್ಲ. ರ‍್ಯಾನ್ಸಮ್ ಹೋದ ಮೇಲೆ ಅವಳನ್ನು ಕೈಹಿಡಿದು ಹತ್ತು ಕಡೆ ಕರೆದುಕೊಂಡು ಹೋಗಿ ಹಾಡಿಸಿದವನು ಇದೇ ಕ್ಲೀಟಸ್. ಆ ಬೆಳಗಿನ ಜಾವದ ನಂತರ ಅವನು ಕಾರಿನ ಸ್ಟೀರಿಂಗ್ ಮುಟ್ಟಿರಲಿಲ್ಲ. ಆಳೆತ್ತರದ ಬೇಸ್ ಹೊತ್ತುಕೊಂಡು ಲೋಕಲ್ ರೈಲಿನಲ್ಲಿ ಓಡಾಡುವ ಏಕೈಕ ವಾದ್ಯಗಾರ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು. ಅವನೂ ನಗುತ್ತಿದ್ದ.

ಆರ್ಡಿತ್ ಒಳಗೆ ಬಂದಾಗ ಅವನು ವಾದ್ಯವನ್ನು ಭುಜಕ್ಕೆ ಆನಿಸಿಕೊಂಡು ತಂತಿ ಸರಿಮಾಡುತ್ತಿದ್ದ. ಪಿಯಾನೋ ಮುಂದೆ ಮಿಸ್ ಯೂಲಾ ಪ್ರಿಂಗಲ್ ಕೂತಿದ್ದರು. ಅರವತ್ತು ದಾಟಿದ ಹೆಂಗಸು, ವಾರವೆಲ್ಲ ಜಾಝ್, ಭಾನುವಾರ ಮದರ್ ವಿಟ್ಲೋ ಹೋಗುವ ಚರ್ಚಿನಲ್ಲೇ ಆರ್ಗನ್. ಗಾಜಿನ ಆಚೆ ಟೇಪ್ ಯಂತ್ರದ ಮುಂದೆ ಕ್ಯಾಜ್ ಡುಡೆಕ್ ಕೂತಿದ್ದ. ಹಾಡಿಗೆ ಹೆಸರೇನು, ಡಬ್ಬಿಯ ಮೇಲೆ ಏನು ಬರೀಲಿ ಎಂದು ಅವನು ಕೇಳಿದ. ಸದ್ಯ ಹತ್ತು ಎಂದು ಬರಿ ಎಂದಳು. ಮಿಸ್ ಯೂಲಾ ಕನ್ನಡಕದ ಮೇಲಿಂದ ನೋಡಿ, ಇವತ್ತಾದರೂ ಈ ಹಾಡಿಗೆ ಮಾತು ಹುಟ್ಟುತ್ತೋ ಇಲ್ಲವೋ ಎಂದು ಕೆಣಕಿದರು. ಅವಳ ಗಂಟಲು, ಅವಳ ಇಷ್ಟ, ನೀವು ಪಿಯಾನೋ ನೋಡ್ಕೊಳ್ಳಿ ಎಂದು ಕ್ಲೀಟಸ್ ಅವಳ ಪರವಾಗಿ ಮಾತಾಡಿದ. ಆರ್ಡಿತ್‌ಗೆ ನೆಲ ಬಿರಿದು ತನ್ನನ್ನು ನುಂಗಬಾರದೆ ಅನ್ನಿಸಿತು.

ಕೆಂಪು ದೀಪ ಹೊತ್ತಿತು. ಟೈರೀ ಎಣಿಸಿಕೊಟ್ಟ. ಮೊದಲ ಚರಣ ಸುಲಭ, ಅದರಲ್ಲಿ ರಸ್ತೆ ಇತ್ತು, ಹಿಮ ಇತ್ತು, ಯಾರ ಹೆಸರೂ ಇರಲಿಲ್ಲ. ಅವಳು ಹಾಡಿದಳು. ಎರಡನೆಯ ಚರಣ ಹತ್ತಿರವಾದಂತೆ ಗೋಡೆಯ ಕಡೆ ತಿರುಗಿಕೊಂಡಳು. ಕ್ಲೀಟಸ್ ಕಣ್ಣು ಮುಚ್ಚಿಕೊಂಡು, ಗಲ್ಲವನ್ನು ವಾದ್ಯದ ಕುತ್ತಿಗೆಗೆ ತಾಗಿಸಿ, ನಿಶ್ಚಿಂತೆಯಿಂದ ನುಡಿಸುತ್ತಿದ್ದ. ಓರೆಗಣ್ಣಲ್ಲಿ ಆ ಮುಖ ಕಂಡದ್ದೇ ಅವಳಿಗೆ ಸ್ವರ ಹೊರಡಲಿಲ್ಲ. ಕೆಮ್ಮಿ, ಕೈಯೆತ್ತಿ ನಿಲ್ಲಿಸಿದಳು.

ಯಾರೂ ಬೇಸರಪಡಲಿಲ್ಲ. ಅದೇ ಅವಳಿಗೆ ಹಿಂಸೆಯಾಯಿತು. ಕ್ಲೀಟಸ್ ವಾದ್ಯವನ್ನು ಎತ್ತಿಕೊಂಡು ಅವಳ ಹತ್ತಿರ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದು ನಿಂತ.

"ಗೋಡೆಗೆ ಹಾಡಿದ್ರೆ ಗೋಡೆ ಏನು ಮಾಡುತ್ತೆ ತಂಗಿ? ನನ್ನ ಕಡೆ ತಿರುಗಿ ಹಾಡು. ನೀನು ಉಸಿರು ತಗೊಂಡಾಗ ನಾನೂ ತಗೋತೀನಿ. ಎಲ್ಲೂ ಬಿಟ್ಟು ಹೋಗಲ್ಲ."

ಗಾಜಿನ ಆಚೆಯಿಂದ ಕ್ಯಾಜ್ ತಕರಾರು ತೆಗೆದ. ಅಷ್ಟು ಹತ್ತಿರ ನಿಂತರೆ ಬೇಸ್ ಅವಳ ಮೈಕ್‌ಗೆ ಬೀಳುತ್ತೆ, ಅವಳ ದನಿ ಬೇಸ್ ಮೈಕ್‌ಗೆ ಬೀಳುತ್ತೆ, ಆಮೇಲೆ ಇಬ್ಬರನ್ನೂ ಬೇರೆ ಮಾಡೋಕೆ ದೇವರಿಂದಲೂ ಆಗಲ್ಲ, ತಾನು ಜವಾಬ್ದಾರನಲ್ಲ ಎಂದ.

"ಯಾಕೆ ಬೇರೆ ಮಾಡ್ಬೇಕು?" ಎಂದ ಕ್ಲೀಟಸ್.

ತನಗೆ ಒಡ್ಡಿದ ಬಲೆಯ ಬಾಯಿಯನ್ನು ಅವನು ತಾನೇ ಎಳೆದು ಕಟ್ಟಿದ ಹಾಗಾಯಿತು. ಆರ್ಡಿತ್ ಆ ಕ್ಷಣವೇ ಹೇಳಿಬಿಡಬಹುದಿತ್ತು. ಈ ಹಾಡು ಬೇಡ, ಬೇರೆ ಯಾವುದಾದರೂ ಮಾಡೋಣ ಎಂದರೆ ಆಗುತ್ತಿತ್ತು. ಅವಳು ಒಂದು ಲೋಟ ಬಿಸಿನೀರು ಕುಡಿದಳು, ತಿರುಗಿ ಅವನ ಎದುರಿಗೆ ನಿಂತಳು, ಎಣಿಸು ಎಂದು ಟೈರೀಗೆ ಸನ್ನೆ ಮಾಡಿದಳು.

ಮೊದಲ ಚರಣ ಹೋಯಿತು. ಎರಡನೆಯ ಚರಣದ ಬಾಗಿಲಿಗೆ ಬಂದಾಗ ಅವನು ಮಾತು ಕೊಟ್ಟ ಹಾಗೆಯೇ ಅವಳ ಜೊತೆ ಉಸಿರು ತೆಗೆದುಕೊಂಡ. ಅವಳು ಹಾಡಿದಳು. ಆಣೆ ಮಾಡಿದವನು ಹಿಂದಿನ ಸೀಟಿನಲ್ಲಿ ಮಲಗಿದ್ದ ಎಂದು ಹಾಡಿದಳು. ಅವನ ತಲೆ ನನ್ನ ತೊಡೆಯ ಮೇಲಿತ್ತು, ಅವನ ಬಾಯಲ್ಲಿ ಪುದೀನ ಪೆಪ್ಪರಮೆಂಟಿನ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ ಎಂದು ಹಾಡಿದಳು. ಮಾತು ಕಿವಿಗೆ ಬೀಳದ ಮನುಷ್ಯನಿಗೂ ಅದು ಬಿತ್ತು. ಅವನ ಕಣ್ಣು ತೆರೆಯಿತು. ಬೆರಳು ಮಾತ್ರ ನಡೆಯುತ್ತಲೇ ಇತ್ತು, ಮೂವತ್ತು ವರ್ಷ ನಡೆದ ಬೆರಳು ಯಜಮಾನನನ್ನು ಕೇಳಿ ನಡೆಯುವುದಿಲ್ಲ. ಮುಂದಿನ ಸೀಟಿನಲ್ಲಿ ಸ್ಟೀರಿಂಗ್ ಹಿಡಿದ ಕೈ ಯಾರದೆಂದು ನನಗೆ ಗೊತ್ತು, ಆ ಕೈ ನನ್ನ ಕಣ್ಣೀರೂ ಒರೆಸಿತು ಎಂಬಲ್ಲಿಗೆ ಅವಳು ಬಂದಾಗ ಬೇಸ್ ನಿಂತುಹೋಯಿತು.

ನಾಲ್ಕು ಆವರ್ತ. ಟೈರೀ ಏನೂ ತಿಳಿಯದೆ ಹೇಗೋ ಲಯ ಹಿಡಿದುಕೊಂಡಿದ್ದ. ಮಿಸ್ ಯೂಲಾ ಅವರ ಬಲಗೈ ಮೇಲೆದ್ದು ಗಾಳಿಯಲ್ಲೇ ನಿಂತಿತ್ತು, ಎಡಗೈಯೊಂದೇ ನುಡಿಸುತ್ತಿತ್ತು. ಅವರಿಗೆ ಎಲ್ಲ ಅರ್ಥವಾಗಿತ್ತು. ಆರ್ಡಿತ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಹಾಡಲಾರೆ ಎಂದು ಗೊತ್ತಿತ್ತು, ಕೆನ್ನೆ ಮೇಲೆ ನೀರು ಇಳಿಯುತ್ತಿದ್ದರೂ ದನಿ ಅಲುಗಲಿಲ್ಲ. ಐದನೆಯ ಆವರ್ತಕ್ಕೆ ಬೇಸ್ ಮತ್ತೆ ಬಂತು. ಮೊದಲಿನ ಓಡುನಡಿಗೆಯಲ್ಲ. ಕೆಳಗಿನ ತಂತಿಯ ಒಂದೇ ಸ್ವರ, ಮತ್ತೆ ಮತ್ತೆ. ಕೊನೆಯವರೆಗೆ ಅವನು ಅದನ್ನು ಬಿಡಲಿಲ್ಲ. ಹಾಡು ಮುಗಿದು, ತಂತಿಯ ಮೊಳಗು ಪೂರ್ತಿ ಇಂಗುವವರೆಗೆ ಯಾರೂ ಕದಲಲಿಲ್ಲ. ಕೆಂಪು ದೀಪ ಆರಿತು.

ಕ್ಲೀಟಸ್ ವಾದ್ಯವನ್ನು ಮಗ್ಗುಲಾಗಿ ನೆಲದ ಮೇಲೆ ಮಲಗಿಸಿದ. ಬೈಯುತ್ತಾನೆ, ಹೊರಟುಹೋಗುತ್ತಾನೆ ಎಂದು ಅವಳು ಕಾದಳು. ಅವನು ಗಾಜಿನ ಕೋಣೆಯ ಬಾಗಿಲು ತೆರೆದು ಹಿಡಿದುಕೊಂಡ. ಕಟ್ಟಳೆ ಅಂದಮೇಲೆ ಕಟ್ಟಳೆ, ಕೇಳಲೇಬೇಕಲ್ಲ.

ಕ್ಯಾಜ್ ಟೇಪ್ ಹಿಂದಕ್ಕೆ ಸುತ್ತಿ ಹಾಕಿದ. ಐದು ಜನ, ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗುವಷ್ಟು ಇಕ್ಕಟ್ಟು, ಯಾರ ಕಣ್ಣೂ ಯಾರ ಮೇಲೂ ಇಲ್ಲ. ಹಾಡು ಚೆನ್ನಾಗಿತ್ತು. ಅವಳು ಜೀವಮಾನದಲ್ಲಿ ಹಾಡಿದ್ದರಲ್ಲಿ ಅಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ, ಅದು ಅವಳಿಗೂ ಗೊತ್ತಾಯಿತು. ಬೇಸ್ ನಿಂತ ಆ ನಾಲ್ಕು ಆವರ್ತ ಬಂತು. ಅವಳ ದನಿಯ ಹಿಂದೆ ಇನ್ನೊಂದು ದನಿ ಕೇಳಿತು. ಆಗ ಕೋಣೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಮೈಕ್‌ಗೆ ಕೇಳಿಸಿತ್ತು. ರ‍್ಯಾನ್ಸ್, ನನ್ನ ರ‍್ಯಾನ್ಸ್ ಎಂದು ಒಬ್ಬ ಗಂಡಸು ನರಳುತ್ತಿದ್ದ.

ಟೇಪ್ ಮುಗಿಯಿತು. ಆ ನರಳಾಟವಿರುವ ತುಂಡನ್ನು ಬೇಕಾದರೆ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಬಹುದು ಎಂದು ಕ್ಯಾಜ್ ಮೆಲ್ಲನೆ ಹೇಳಿದ. ಟೈರೀ ಹೂಂ ಎಂದ, ಎಂದವನೇ ಸಿಗರೇಟು ಹುಡುಕಿಕೊಂಡು ಹೊರಗೆ ಹೋದ. ಮಿಸ್ ಯೂಲಾ ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮದು ಹೂಂ, ದೇವರ ಮುಂದೆ ನಿಂತು ಹೇಳು ಎಂದರೂ ಹೂಂ ಎಂದರು.

"ನಂದು ಬೇಡ," ಎಂದ ಕ್ಲೀಟಸ್.

ಆರ್ಡಿತ್ ಅವನ ಕಡೆ ತಿರುಗಿದಳು. ಅಷ್ಟು ಹೊತ್ತು ಹಿಡಿದಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಗೆ ಬಂತು. ನಾಳೆ ವಿಮಾನ ಹತ್ತಿ ಹೋಗ್ತೀಯ, ಇನ್ನು ನಿನಗೇನು, ನಿಮ್ಮಮ್ಮ ಹೀಗೇ ನಂಬಿಕೊಂಡು ಸತ್ತುಹೋಗಲಿ ಅಂತಲೇ ನಿನ್ನ ಆಸೆ ಎಂದಳು. ಕಟ್ಟಳೆ ಪ್ರಕಾರ ಯಾಕೆ ಎಂದು ಕೇಳುವ ಹಾಗಿಲ್ಲ ಎಂಬುದೂ ಅವಳಿಗೆ ಮರೆತುಹೋಗಿತ್ತು.

ಅವನು ಪೂರ್ತಿ ಕೇಳಿಸಿಕೊಂಡ.

"ಅಮ್ಮ ಇದನ್ನ ಎಲ್ಲಿ ಕೇಳ್ಬೇಕು ಹೇಳು. ಜಡೆ ಹಾಕಿಸ್ಕೊಳ್ಳೋ ಅಂಗಡೀಲಿ, ರೇಡಿಯೋದಲ್ಲಿ, ಹತ್ತು ಹೆಂಗಸರ ಮಧ್ಯೆ ಕೂತ್ಕೊಂಡಾ? ನನ್ನ ತಮ್ಮ ಹೇಗೆ ಸತ್ತ ಅನ್ನೋದನ್ನ ನಮ್ಮಮ್ಮ ಟ್ಯೂನ್ ಸಮೇತ ಕೇಳ್ಬೇಕಾ?"

"ಹಾಗಾದ್ರೆ ನೀನು ಹೇಳು."

"ಹೇಳ್ತೀನಿ. ಇವತ್ತೇ ಹೇಳ್ತೀನಿ. ಆದ್ರೆ ಮೊದಲು ಇದನ್ನ ಅಳಿಸು." ಅವನ ಕಣ್ಣು ಟೇಪಿನ ಮೇಲೆಯೇ ಇತ್ತು. "ಇದನ್ನ ಇಟ್ಕೊಂಡು ನೀನು ಬಾಗಿಲಲ್ಲಿ ಕಾಯ್ತಾ ನಿಂತಿದ್ರೆ, ನಾನು ಹೇಳಿದ ಹಾಗಾಗಲ್ಲ. ನೀನು ಹೇಳಿಸಿದ ಹಾಗಾಗುತ್ತೆ. ಹದಿನೆಂಟು ವರ್ಷ ಆದ್ಮೇಲೆ ಒಂದು ಸಲ ನಾನಾಗಿ ಹೇಳ್ಬೇಕು ಆರ್ಡಿತ್."

ಷೆರಿಫ್‌ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದವನು. ತಮ್ಮನ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟು ನಡೆಯುವಾಗಲೂ ಆ ಸುಳ್ಳನ್ನು ಬಿಡದವನು. ನಾಳೆ ಸಂಜೆಗೆ ಅವನಿಗೂ ಅವಳಿಗೂ ನಡುವೆ ಒಂದು ಸಮುದ್ರ. ಈ ಮಾತನ್ನು ನಂಬಿದರೆ ಅವಳಂಥ ದಡ್ಡಿ ಇನ್ನೊಬ್ಬಳಿಲ್ಲ. ಕೈಯಲ್ಲಿದ್ದ ಒಂದೇ ಸಾಕ್ಷಿ ಟೇಪಿನ ಆ ಕಂದು ಪಟ್ಟಿ. ಮಿಸ್ ಯೂಲಾ ಅವರನ್ನು ನೋಡಿದಳು, ಅವರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಕ್ಯಾಜ್‌ನ ಬೆರಳು ಗುಂಡಿಯ ಪಕ್ಕದಲ್ಲಿ ಸುಮ್ಮನೆ ಕೂತಿತ್ತು.

"ಅಳಿಸು ಕ್ಯಾಜ್," ಎಂದಳು.

ಟೇಪ್ ಅಳಿಸುವುದು ಅಂದರೆ ಹಾಳೆ ಹರಿದ ಹಾಗಲ್ಲ, ಹಾಡು ಎಷ್ಟು ಹೊತ್ತು ಇತ್ತೋ ಅಷ್ಟೂ ಹೊತ್ತು ಅದರ ಮೇಲೆ ಮೌನ ತುಂಬಬೇಕು. ಐದು ನಿಮಿಷ ಹತ್ತು ಸೆಕೆಂಡು. ಸುರುಳಿ ತಿರುಗುತ್ತಿತ್ತು, ದನಿಯ ಮಟ್ಟ ತೋರಿಸುವ ಮುಳ್ಳುಗಳು ಒಂದಿಷ್ಟೂ ಅಲುಗದೆ ಮಲಗಿದ್ದವು. ಅವಳಿಗೆ ಒಳಗೊಳಗೇ ಹಾಡು ನಡೆಯುತ್ತಿತ್ತು, ಯಾವ ಸಾಲು ಈಗ ಹೋಯಿತು ಎಂದು ಗೊತ್ತಾಗುತ್ತಿತ್ತು. ಎರಡನೆಯ ಚರಣದ ಹತ್ತಿರ, ಸಾಕು ನಿಲ್ಲಿಸು ಎಂದು ಕೂಗಬೇಕೆನ್ನಿಸಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕ್ಲೀಟಸ್ ಅವಳ ಕಡೆ ನೋಡಲಿಲ್ಲ, ಕೊನೆಯ ಅಂಗುಲದವರೆಗೂ ಟೇಪನ್ನೇ ನೋಡಿದ. ಆ ವರ್ಷದ ಕೊನೆಗೆ ಬಂದ ರೆಕಾರ್ಡಿನಲ್ಲಿ ಒಂಬತ್ತೇ ಹಾಡುಗಳಿದ್ದವು. ಎರಡನೆಯ ಬದಿ ಯಾಕೆ ಇಷ್ಟು ಚಿಕ್ಕದು ಎಂದು ಪತ್ರಿಕೆಯವರು ಕೇಳಿದರೆ ಅವಳು ಗಂಟಲಿನ ನೆಪ ಹೇಳುತ್ತಿದ್ದಳು.

ಆ ಸಂಜೆಯೇ ಮಿಸ್ ಯೂಲಾ ಇಬ್ಬರನ್ನೂ ತಮ್ಮ ಕಾರಿನಲ್ಲಿ ಮದರ್ ವಿಟ್ಲೋ ಮನೆಗೆ ಕರೆದುಕೊಂಡು ಹೋದರು. ಕ್ಲೀಟಸ್ ಹಿಂದಿನ ಸೀಟಿನಲ್ಲಿ ಕೂತ. ದಾರಿಯಲ್ಲಿ ಒಂದು ಸಿಗ್ನಲ್‌ನಲ್ಲಿ ಕಾರು ನಿಂತಾಗ ಅವನ ಕೈ ಬಾಗಿಲ ಹಿಡಿಗೆ ಹೋಯಿತು. ಆರ್ಡಿತ್ ಕನ್ನಡಿಯಲ್ಲಿ ಅದನ್ನು ಕಂಡಳು. ಹಸಿರು ದೀಪ ಬಂತು. ಅವನು ಇಳಿಯಲಿಲ್ಲ.

ಮದರ್ ವಿಟ್ಲೋ ಅಡುಗೆಮನೆಯ ಮೇಜಿನ ಮುಂದೆ ಕೂತು ನಾಳೆಯ ಊಟಕ್ಕೆ ಸೊಪ್ಪು ಬಿಡಿಸುತ್ತಿದ್ದರು. ಶನಿವಾರವೇ ಬಂದಿರಲ್ಲ, ಅಡುಗೆ ಇನ್ನೂ ಆಗಿಲ್ಲ ಎಂದು ತಮಾಷೆ ಮಾಡಿದರು. ಮಿಸ್ ಯೂಲಾ ಒಳಗೆ ಬರದೆ ಕಾರಿನಲ್ಲೇ ಉಳಿದರು. ಕ್ಲೀಟಸ್ ಕೋಟನ್ನೂ ಬಿಚ್ಚದೆ ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕೂತ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ. ಸುತ್ತಿ ಬಳಸಲಿಲ್ಲ, ಷೆರಿಫ್‌ನ ಭಯ ಹೇಳಲಿಲ್ಲ, ಮಕ್ಕಳ ನೆಪ ಹೇಳಲಿಲ್ಲ. ನಾನು ಕುಡಿದಿದ್ದೆ, ನಾನು ಓಡಿಸಿದೆ, ಅವನ ಮೇಲೆ ಹಾಕಿದೆ ಎಂದ. ಆರ್ಡಿತ್ ಬಾಗಿಲ ಹತ್ತಿರ ನಿಂತು ಕೇಳಿದಳು. ಅವಳು ವರ್ಷಗಟ್ಟಲೆ ಕೂತು ಕಟ್ಟಿದ ಹಾಡಿಗಿಂತ ಅದು ಚಿಕ್ಕದಾಗಿತ್ತು.

ಮದರ್ ವಿಟ್ಲೋ ಅವರ ಕೈ ಸೊಪ್ಪಿನ ರಾಶಿಯ ಮೇಲೆ ಹಾಗೇ ನಿಂತಿತ್ತು.

"ಕುಡಿದಿರಲಿಲ್ವಾ ಅವನು?" 

"ಇಲ್ಲಮ್ಮ. ಒಂದು ಗುಟುಕೂ ಇಲ್ಲ."

ಅವರು ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲುಗುತ್ತಿತ್ತು, ದೇವರ ಜೊತೆ ಮಾತೋ ಮಗನ ಜೊತೆಯೋ ಗೊತ್ತಾಗಲಿಲ್ಲ. ಆಮೇಲೆ ಕಣ್ಣು ತೆರೆದು ಕೇಳಿದರು.

"ಇದು ಇನ್ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲಮ್ಮ." ಕ್ಲೀಟಸ್ ಆರ್ಡಿತ್‌ನ ಕಡೆ ತಿರುಗಲೇ ಇಲ್ಲ. "ಆರ್ಡಿತ್ ನಿದ್ದೆ ಮಾಡ್ತಿದ್ಲು. ಅವಳಿಗೂ ಇವತ್ತೇ ಹೇಳಿದ್ದು."

ಹದಿನೆಂಟು ವರ್ಷದ ಸುಳ್ಳನ್ನು ಈಗಷ್ಟೇ ಕೆಳಗಿಳಿಸಿದವನು ಅವಳಿಗಾಗಿ ಹೊಸದೊಂದನ್ನು ಹೊತ್ತುಕೊಂಡ. ಅವಳು ಸುಮ್ಮನಿದ್ದರೆ ಸಾಕಿತ್ತು. ನಾಳೆ ಭಾನುವಾರ ಬಂದು ಇದೇ ಮೇಜಿನ ಮುಂದೆ ಕೂತು ಉಣ್ಣಬಹುದಿತ್ತು, ಮುದುಕಿಯ ಕಣ್ಣೀರು ಒರೆಸಬಹುದಿತ್ತು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಹಾಡಿನಲ್ಲಿ ಕುಡಿದ ಬಾಯಿ ಇತ್ತು, ಸ್ಟೀರಿಂಗ್ ಹಿಡಿದ ಕೈ ಇತ್ತು, ಬಾಯಿ ಮುಚ್ಚಿಕೊಂಡ ಹುಡುಗಿ ಮಾತ್ರ ಒಂದು ಸಾಲಿನಲ್ಲೂ ಇರಲಿಲ್ಲ. ಅದು ಅವಳಿಗೆ ಈಗ ಹೊಳೆಯಿತು.

"ಇಲ್ಲ ಮದರ್," ಎಂದಳು. "ನಾನು ಎಚ್ಚರವಾಗಿದ್ದೆ. ಅವನ ತಲೆ ನನ್ನ ತೊಡೆ ಮೇಲಿತ್ತು. ಮೊದಲಿಂದ ಎಲ್ಲಾ ಗೊತ್ತಿತ್ತು ನಂಗೆ."

ಕ್ಲೀಟಸ್ ಕೈಯಲ್ಲಿ ಮುಖ ಮುಚ್ಚಿಕೊಂಡ. ಮದರ್ ವಿಟ್ಲೋ ಅವಳನ್ನೇ ನೋಡಿದರು. ಸಿಟ್ಟಿನ ನೋಟವಲ್ಲ. ಗುರುತು ಸಿಗದ ಯಾರೋ ಮನೆಯೊಳಗೆ ಬಂದು ನಿಂತಿದ್ದಾರೆ, ಯಾರಿರಬಹುದು ಎಂದು ನೋಡುವ ಹಾಗಿತ್ತು.

"ಪ್ರತಿ ಭಾನುವಾರ ಬಂದಿದೀಯ," ಎಂದರು. "ಅವನ ಫೋಟೋ ಇದ್ದ ಗೋಡೆ ಕೆಳಗೇ ಕೂತು ಉಂಡಿದೀಯ."

ಆರ್ಡಿತ್ ಹೌದೆಂದು ತಲೆಯಾಡಿಸಿದಳು.

"ಇವನನ್ನ ನಾನು ಹೆತ್ತಿದೀನಿ. ಏನು ಮಾಡಿದ್ರೂ ಇವನನ್ನ ಬಿಡೋಕೆ ನನ್ನ ಕೈಲಾಗಲ್ಲ." ಅವರ ದನಿ ಏರಲಿಲ್ಲ. "ನಿನ್ನನ್ನ ಬಿಡಬಹುದು."

ಒಲೆಯ ಮೇಲೆ ನೀರು ಮರಳುತ್ತಿತ್ತು. ಕ್ಲೀಟಸ್ ಅಮ್ಮಾ ಎಂದು ಏನೋ ಹೇಳಹೊರಟ, ಅವರು ಕೈಯೆತ್ತಿ ತಡೆದರು.

"ಕೋಟು ಹಾಕ್ಕೋ ಮಗಳೇ. ಹೊರಗೆ ಚಳಿ ಇದೆ."

ಆರ್ಡಿತ್ ಕೋಟು ಹಾಕಿಕೊಂಡಳು. ಮೇಲಿನ ಗುಂಡಿ ಹಾಗೇ ಬಿಟ್ಟು ಬಾಗಿಲ ಕಡೆ ತಿರುಗಿದಳು. ಮದರ್ ವಿಟ್ಲೋ ಮೇಜು ಹಿಡಿದುಕೊಂಡು ಎದ್ದರು, ನಿಧಾನವಾಗಿ ಹತ್ತಿರ ಬಂದು ಕುತ್ತಿಗೆಯ ಕೆಳಗಿನ ಗುಂಡಿಯನ್ನು ತಾವೇ ಹಾಕಿದರು. ಆಮೇಲೆ ಬಾಗಿಲು ತೆರೆದು, ಅವಳು ದಾಟುವವರೆಗೆ ಹಿಡಿದುಕೊಂಡು ನಿಂತರು.